ನೆಂಟರ ಹಾಗೆ ಬಂದ ಕೈ

“ಈ ಕೈ ನನ್ನ ಮನೆಗೆ ನೆಂಟರ ಹಾಗೆ ಬಂದಿದೆ,” ಎಂದ ದರ್ಜಿ.

ಕಿವಿಯಮ್ಮನ ಪೆನ್ನು ನಿಂತಿತು.

“ಬಂದು ಕೂತಿದೆ. ಉಣ್ಣುತ್ತೆ, ಮಲಗುತ್ತೆ. ಎದ್ದು ಒಂದು ಲೋಟ ಎತ್ತಲ್ಲ. ಯಾವಾಗ ಹೊರಡ್ತೀಯಾ ಅಂತ ಕೇಳೋ ಹಾಗೂ ಇಲ್ಲ.”

ಅಲ್ಲಿಗೆ ಅವನು ಸುಮ್ಮನಾದ.

ಮಾತು ಮುಗಿದವನ ಮೌನವಲ್ಲ ಅದು. ಮರೆತವನ ಮೌನವೂ ಅಲ್ಲ. ತಲೆ ಒಂದಿಷ್ಟು ಪಕ್ಕಕ್ಕೆ ವಾಲಿತ್ತು. ಯಾರೋ ಏನೋ ಅನ್ನಬೇಕು, ಅಂದ ಮೇಲೆ ತಾನು ಮುಂದುವರಿಯಬೇಕು ಎನ್ನುವ ಹಾಗೆ ಕಾಯುತ್ತಿದ್ದ. ಅಹವಾಲು ಕೋಣೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಫ್ಯಾನು ಮಾತ್ರ ತಿರುಗಿ ತಿರುಗಿ ಒಂದೇ ಕಡೆ ಕಿರುಗುಟ್ಟುತ್ತಿತ್ತು.

ಆ ಹೊತ್ತಿಗೆ ಕಿವಿಯಮ್ಮನ ಗಂಟಲು ತನ್ನಷ್ಟಕ್ಕೆ ತಾನೇ ಅಲುಗಿತು. ಏನನ್ನೋ ನುಡಿಯಲು ಹೊರಟು, ಏನೆಂದು ತಿಳಿಯದೆ ಹಿಂದೆ ಸರಿದ ಹಾಗೆ. ಅವಳು ಕೈಯಿಂದ ಕತ್ತು ಮುಟ್ಟಿಕೊಂಡಳು.

“ಹಗಲು ಹೇಗೋ ಕಳೆಯುತ್ತೆ,” ದರ್ಜಿ ಮತ್ತೆ ಶುರುಮಾಡಿದ. “ರಾತ್ರಿ ನಾನು ಮಲಗಿದ ಮೇಲೂ ಅದು ಎದ್ದೇ ಇರುತ್ತೆ. ಕತ್ತಲಲ್ಲಿ ನನ್ನನ್ನೇ ನೋಡ್ತಾ ಕೂತಿರುತ್ತೆ. ನನ್ನ ಮೈಯಲ್ಲಿ ನಾನೇ ಬಾಡಿಗೆಗೆ ಇದ್ದೀನೇನೋ ಅನ್ನಿಸುತ್ತೆ. ಹೋಗ್ತೀನಿ.”

ಹೋಗ್ತೀನಿ ಅಂದವನು ಏಳಲಿಲ್ಲ. ಕುರ್ಚಿಯಲ್ಲೇ ಕೂತು, ಪಾಠ ಒಪ್ಪಿಸಿದ ಮಗುವಿನಂತೆ ಡಾಕ್ಟರ ಮುಖ ನೋಡಿದ.

“ಆಯ್ತಪ್ಪಾ, ನೀನಿನ್ನು ಹೊರಡು,” ಎಂದರು ಡಾಕ್ಟರು, ಹಣೆ ಒತ್ತಿಕೊಳ್ಳುತ್ತ.

ಆಗ ಎದ್ದ. ಎಡಗೈಯಿಂದ ಬಲಗೈಯನ್ನು ಎತ್ತಿ, ಮಲಗಿದ ಕೂಸನ್ನು ಎತ್ತುವಂತೆ ಎತ್ತಿ, ಎದೆಗೆ ಒರಗಿಸಿಕೊಂಡ. ಬಾಗಿಲಲ್ಲಿ ತಿರುಗಿ, “ಬರ್ತೀನಿ ಡಾಕ್ಟ್ರೇ. ಬರ್ತೀನಮ್ಮಾ,” ಎಂದ.

ಕಿವಿಯಮ್ಮ ಆ ಎರಡು ಮಾತುಗಳನ್ನು ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದಳು. ಹೊರಡುವಾಗ ಅವನದೇ ಬಾಯಿ ಆಡಿದ್ದು ‘ಬರ್ತೀನಿ’. ಎಲ್ಲರೂ ಆಡುವುದು ಅದನ್ನೇ. ಹಾಗಾದರೆ ಆ ‘ಹೋಗ್ತೀನಿ’ ಅವನದಲ್ಲ. ಅದು ಪಾಠದ ಕೊನೆಯ ಮಾತು. ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲದೆ, ಕೇಳಿದ್ದಷ್ಟನ್ನೂ ಕಲಿತುಬಿಟ್ಟಿದ್ದಾನೆ.

ಅವಳ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. 

ಅಂಗವೈಕಲ್ಯದ ಮಾಸಾಶನ ಕೊಡುವ ಕಚೇರಿ ಅದು. ಅರ್ಜಿಗಳ ಹಿಂದೆ ಸುಳ್ಳು ಇದೆಯೋ ಇಲ್ಲವೋ ನೋಡುವುದು ಅವಳ ಕೆಲಸ. ಅವಳಿಗೆ ಆ ಅಡ್ಡಹೆಸರು ಬಿದ್ದದ್ದೂ ಕೆಲಸದಿಂದಲೇ. ಬೇರೆಯವರು ಕಾಗದ ನೋಡಿ ಸುಳ್ಳು ಹಿಡಿದರೆ, ಇವಳು ಕಣ್ಣು ಮುಚ್ಚಿ ಕೇಳಿ ಹಿಡಿಯುತ್ತಿದ್ದಳು. ಹಾಗೆ ಕೇಳಲು ಕಲಿಸಿದವರು ಅಜ್ಜ. ಬೆಳಗಿನ ಹೊತ್ತು ದೀಪದ ಮುಂದೆ ಕೂತು ಅಜ್ಜ ಕಾವ್ಯ ಓದುತ್ತಿದ್ದರೆ ಮೊಮ್ಮಕ್ಕಳಿಬ್ಬರೂ ಕಾಲ ಬುಡದಲ್ಲಿ ಇರಬೇಕಿತ್ತು. ಉಸಿರು ಎಲ್ಲಿ ಮುರಿಯುತ್ತದೆ, ಭಕ್ತಿ ಎಲ್ಲಿ ಮುಗಿದು ಬಾಯಿಪಾಠ ಎಲ್ಲಿ ಶುರುವಾಗುತ್ತದೆ, ಎಲ್ಲ ಅಲ್ಲೇ ತಿಳಿದದ್ದು. ತಂಗಿ ಪದ್ಯ ಕಲಿತಳು. ಇವಳು ಕೇಳುವುದನ್ನು ಕಲಿತಳು.

“ಇದು ಇಸ್ತ್ರಿಯಮ್ಮನ ಮಾತು,” ಎಂದಳು ಕಿವಿಯಮ್ಮ.

ಡಾಕ್ಟರು ನಗಲಿಲ್ಲ. “ಗೊತ್ತು. ಇದೇ ಕುರ್ಚಿಲಿ ಕೂತು ಹೇಳಿದ್ಳು ಆ ಮಹಾತಾಯಿ. ಇಸ್ತ್ರಿಪೆಟ್ಟಿಗೆ ಹಿಡಿದೂ ಹಿಡಿದೂ ಸತ್ತುಹೋಗಿದ್ದ ಕೈ ಅದು. ಹಿಂದೆ ಬಂದಾಗ ‘ನೋವು, ನೋವು’ ಅಂತ ಅತ್ತು ಹೋದೋಳು, ಆ ಸಲ ಹಿಂಗೆ ಹೇಳಿದ್ಳು. ಕೇಳ್ತಾ ಕೇಳ್ತಾ ನನಗೆ ನನ್ನ ಕೈ ಮೇಲೇ ಅನುಮಾನ ಬಂತು. ಅವತ್ತೇ ಮಂಜೂರು ಮಾಡಿದೆ. ಮೊದಲನೇ ಮಾಸಾಶನ ಕೈಗೆ ಸೇರೋದ್ರೊಳಗೆ ಅವಳೇ ಇಲ್ಲ.”

“ಅವಳು ಸತ್ತ ಮೇಲೂ ಆ ಮಾತು ಈ ಕುರ್ಚಿಗೆ ಬರ್ತಾನೇ ಇದೆ.”

“ಬರ್ತಾ ಇದೆ ಅಂದ್ರೆ! ಬೆನ್ನುನೋವಿನ ಲಾರಿ ಡ್ರೈವರ್ ಬಂದ. ಬೆನ್ನು ನೆಂಟರ ಹಾಗೆ ಬಂದು ಉಣ್ಣುತ್ತಂತೆ. ಬೆನ್ನು ಎಲ್ಲಾದರೂ ಉಣ್ಣುತ್ತಾ? ಕಾಲಲ್ಲಿ ಸ್ವಾಧೀನ ಇಲ್ಲದ ಟೀಚರಮ್ಮ ಬಂದ್ಳು. ಆಕೆ ಇನ್ನೂ ಚಂದ. ‘ಎದ್ದು ಒಂದು ಮಾತು ಎತ್ತಲ್ಲ’ ಅಂದುಬಿಟ್ಳು. ಲೋಟ ಎತ್ತದ ಕೈ ನೋಡಿದ್ದೆ ಕಣಮ್ಮ, ಮಾತೆತ್ತದ ಕಾಲು ನೋಡಿರಲಿಲ್ಲ.”

ಕಿವಿಯಮ್ಮ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು. ಮಾತು ಎತ್ತಲ್ಲ. ಬಾಯಿ ತಪ್ಪಿ ಬಂದ ಮಾತು. ಆದರೆ ಬಾಯಿ ತಪ್ಪಿದಾಗ ಹೊರಬೀಳುವುದು ಸಾಮಾನ್ಯವಾಗಿ ಹೇಳಿಕೊಟ್ಟ ಮಾತೇ.

“ಇಸ್ತ್ರಿಯಮ್ಮ ಹೇಳೋವಾಗ ನಾನಿರಲಿಲ್ಲ. ಅವಳು ನಡುವೆ ನಿಲ್ಲಿಸಿದಾಗ ನೀವೇನು ಕೇಳಿದ್ರಿ ಡಾಕ್ಟ್ರೇ?”

“ನಾನೇನೂ ಕೇಳಲಿಲ್ಲ.”

“ನೆನಪು ಮಾಡ್ಕೊಳ್ಳಿ. ಇವರೆಲ್ಲ ಅದೇ ಜಾಗದಲ್ಲಿ ನಿಲ್ಲಿಸ್ತಾರೆ. ಒಂದು ಪ್ರಶ್ನೆ ಹಿಡಿಸೋವಷ್ಟು ಜಾಗ ಬಿಟ್ಟು ಮುಂದಕ್ಕೆ ಹೋಗ್ತಾರೆ.”

“ನೆನಪಿದೆ, ಅದಕ್ಕೇ ಹೇಳ್ತಿರೋದು.” ಡಾಕ್ಟರು ಕನ್ನಡಕ ತೆಗೆದರು. “ಅವಳೂ ಹಿಂಗೇ ತಲೆ ವಾಲಿಸಿ ಕಾದಳು. ಯಾರೂ ಏನೂ ಕೇಳಲಿಲ್ಲ. ಆಮೇಲೆ ತಾನಾಗಿ ಮುಂದುವರಿಸಿದ್ಳು. ಕೊನೆಗೆ ‘ಹೋಗ್ತೀನಿ’ ಅಂದ್ಳು. ‘ಬರ್ತೀನಿ ಅನ್ನಮ್ಮ’ ಅಂದೆ ನಾನು. ನಕ್ಕಳು.”

ಕಿವಿಯಮ್ಮ ಆ ಖಾಲಿ ಕುರ್ಚಿಯನ್ನು ನೋಡಿದಳು.

ಇಷ್ಟು ದಿನ ಅವಳು ಸತ್ತವಳ ಮಾತಿನ ಜಾಡು ಹಿಡಿದು ಹೊರಟಿದ್ದಳು. ಸತ್ತವಳ ಮಾತನ್ನು ಕದ್ದವರು ಯಾರೆಂದು ಹುಡುಕಿದ್ದಳು. ಈಗ ಜಾಡು ಆ ಸತ್ತವಳನ್ನೂ ದಾಟಿ ಹಿಂದಕ್ಕೆ ಹೋಗುತ್ತಿತ್ತು. ಇಸ್ತ್ರಿಯಮ್ಮನೂ ಒಪ್ಪಿಸಿದ್ದಳಷ್ಟೇ. ಆ ಮೌನ ಅವಳಿಗಿಂತ ಮೊದಲೇ ಆ ಮಾತಿನೊಳಗೆ ಇತ್ತು.

“ದರ್ಜಿ ವಿಷಯ ನಾಳೆ ಬೆಳಿಗ್ಗೆ ಮೇಲಕ್ಕೆ ಹೋಗಬೇಕು,” ಎಂದರು ಡಾಕ್ಟರು. “ನಿಯಮ ನಿಮಗೇ ಗೊತ್ತಲ್ಲ. ಸ್ವಂತ ಮಾತಲ್ಲೇ ಹೇಳ್ಕೋಬೇಕು. ಹೇಳಿಕೊಟ್ಟದ್ದು ಅಂತ ನೀವು ಬರೆದ್ರೆ ಮುಗೀತು, ಅವನಿಗೆ ಈ ಜನ್ಮದಲ್ಲಿ ಮಾಸಾಶನ ಇಲ್ಲ. ಲಾರಿಯವನದ್ದು, ಟೀಚರಮ್ಮಂದು, ಎಲ್ಲಾ ವಾಪಸ್. ಬರೀದೆ ಹೋದ್ರಿ ಅನ್ನಿ, ಮೇಲಿನವರಿಗೆ ಈಗಾಗಲೇ ವಾಸನೆ ಹತ್ತಿದೆ. ನಿಮ್ಮ ಕುರ್ಚಿಗೇ ಬರುತ್ತೆ.”

“ಏನಿದು ನಿಯಮ ಡಾಕ್ಟ್ರೇ?”

“ಕಾಣೋ ಊನ ಆದ್ರೆ ನಾನು ಮುಟ್ಟಿ ನೋಡ್ತೀನಿ. ಈಗ ಬರೋರಲ್ಲಿ ಮುಕ್ಕಾಲು ಪಾಲು ಕಾಣದ ಊನ. ನರ, ಸುಸ್ತು, ತಲೆ, ನೋವು. ಕಾರಿಡಾರ್ ತುಂಬಾ ಜನ. ಯಾರನ್ನ ನಂಬೋದು, ಯಾರನ್ನ ಬಿಡೋದು? ಚೆನ್ನಾಗಿ ಹೇಳ್ಕೊಂಡೋರಿಗೆ ಸಿಗುತ್ತೆ. ನಾವು ಡಾಕ್ಟರ ಕೆಲಸ ಬಿಟ್ಟು ಕಥೆ ಕೇಳೋಕೆ ಕೂತಿದ್ದೀವಿ.” ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. “ನಿಮ್ಮ ತಂಗಿ ಹೇಗಿದ್ದಾಳೆ? ಆ ಹುಡುಗಿದೊಂದೇ ನೋಡಿ, ನಾನು ಎರಡು ಮಾತಿಲ್ಲದೆ ಒಪ್ಪಿದ ಅರ್ಜಿ. ಅವಳಿಗೂ ಮಾತಿಲ್ಲ, ನನಗೂ ಮಾತಿಲ್ಲ.”

“ಹಾಗೇ ಇದ್ದಾಳೆ,” ಎಂದಳು ಕಿವಿಯಮ್ಮ.

*

ದರ್ಜಿಯ ಅಂಗಡಿ ಮಾರುಕಟ್ಟೆ ಬೀದಿಯ ತಿರುವಿನಲ್ಲಿತ್ತು. ಕಚೇರಿಯ ಜೀಪು ಬೀದಿಯ ಬಾಯಲ್ಲೇ ನಿಂತಿತು. ಅವಳು ಸೈಕಲ್ಲುಗಳ ನಡುವೆ ಜಾಗ ಮಾಡಿಕೊಂಡು ನಡೆದಳು. ಮಧ್ಯಾಹ್ನದ ಬಿಸಿಲಿಗೆ ಬೀದಿ ಮಂಕಾಗಿತ್ತು. ಬೀಗದ ಅಂಗಡಿ, ಗಡಿಯಾರದ ಅಂಗಡಿ, ಕೊನೆಗೆ ಬಾಗಿಲಿಗೆ ಅರ್ಧ ಹೊಲಿದ ಕೋಟು ತೂಗುಹಾಕಿದ್ದ ಈ ಅಂಗಡಿ. ಕೋಟಿಗೆ ಒಂದೇ ತೋಳಿತ್ತು.

ಒಳಗೆ ಕಾಲಿಡುವ ಮುನ್ನ ಅಭ್ಯಾಸದಂತೆ ಮನಸ್ಸಿನಲ್ಲೇ ದೇವರನ್ನು ನೆನೆದಳು. ಸತ್ಯ ಹೇಳಿಸು ಎಂದು ಬೇಡುವುದು ರೂಢಿ. ಇವತ್ತು ಏನು ಬೇಡಬೇಕೆಂದು ತೋಚಲಿಲ್ಲ.

“ಬನ್ನಿ ಅಮ್ಮಾ. ಅಳತೆ ಕೊಡೋಕಲ್ಲ ಅಂತ ಗೊತ್ತು,” ಎಂದ ದರ್ಜಿ. ಸ್ಟೂಲು ಒರೆಸಿ ಮುಂದಿಟ್ಟ. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಬಟ್ಟೆಯ ಮೇಲೆ ಧೂಳು ಕೂತಿತ್ತು.

“ಯಾರು ಹೇಳಿಕೊಟ್ಟರು ನಿಮಗೆ?”

“ಏನನ್ನ?”

“ನೆಂಟರ ಕಥೇನ.”

“ನನ್ನ ಕೈ, ನನ್ನ ನೆಂಟ. ನನಗ್ಯಾಕೆ ಬೇರೆಯವರು ಹೇಳಿಕೊಡಬೇಕು?”

“ನಡುವೆ ಯಾಕೆ ನಿಲ್ಲಿಸಿದ್ರಿ?”

“ಉಸಿರು ತಗೊಳ್ಳೋಕೆ.”

“ಉಸಿರು ನೀವು ‘ಲೋಟ’ ಅನ್ನೋಕೆ ಮೊದಲೇ ತಗೊಂಡಿದ್ರಿ. ನನ್ನ ಹತ್ತಿರ ಉಸಿರಿನ ಲೆಕ್ಕ ಹೇಳಬೇಡಿ. ಅಲ್ಲಿ ಯಾರಿಗೋಸ್ಕರ ಕಾದಿದ್ದು?”

ದರ್ಜಿ ಎಡಗೈಯಿಂದ ಮೇಜಿನ ಮೇಲಿನ ಬಟ್ಟೆಯ ತುಂಡುಗಳನ್ನು ಒಟ್ಟು ಮಾಡತೊಡಗಿದ. ಬಲಗೈ ಅವುಗಳ ನಡುವೆ ಬಿದ್ದುಕೊಂಡಿತ್ತು. ಯಾರೋ ಮರೆತು ಬಿಟ್ಟುಹೋದ ಕೈಚೀಲದ ಹಾಗೆ.

“ಇದರ ಮುಂಚೆ ಒಂದ್ಸಲ ಬಂದಿದ್ದೆ ಅಮ್ಮಾ, ನಿಮ್ಮ ಕಚೇರಿಗೆ. ನೀವು ರಜದಲ್ಲಿ ಇದ್ರಿ,” ಎಂದ ಕೊನೆಗೆ. “ಅವತ್ತು ನನ್ನ ಮಾತೇ ಆಡಿದೆ. ‘ಜೋಮು ಹಿಡಿದಿದೆ, ಸೂಜಿ ನಿಲ್ಲಲ್ಲ’ ಅಂದೆ. ‘ಮತ್ತೆ?’ ಅಂದ್ರು. ಮತ್ತೆ ಏನಿದೆ? ಸೂಜಿ ನಿಲ್ಲದ ಮೇಲೆ ದರ್ಜಿಗೆ ಮತ್ತೆ ಅನ್ನೋದು ಏನಿರುತ್ತೆ? ‘ಸರಿಯಾಗಿ ವಿವರಿಸಲಿಲ್ಲ’ ಅಂತ ತಿರುಗಿಸಿ ಕಳಿಸಿದ್ರು. ಆ ತಿಂಗಳಲ್ಲೇ ಮಗಳ ಶಾಲೆ ಬಿಡಿಸಿದೆ. ಈಗ ಕಾಜಾ ಗುಂಡಿ ಅವಳೇ ಹಾಕ್ತಾಳೆ. ಕಣ್ಣು ಉಜ್ಜಿಕೊಳ್ತಾ ಹಾಕ್ತಾಳೆ.”

ಕಿವಿಯಮ್ಮ ಕೇಳುತ್ತಿರಲಿಲ್ಲ. ಅವಳು ನೋಡುತ್ತಿದ್ದಳು.

ಬಟ್ಟೆಯ ತುಂಡುಗಳ ನಡುವೆ ಒಂದು ಗುಂಡುಸೂಜಿ ಇತ್ತು. ಅದು ಅವನ ಬಲಗೈಯ ತೋರುಬೆರಳಿನೊಳಗೆ ತಲೆಯವರೆಗೂ ಇಳಿದಿತ್ತು. ರಕ್ತ ಒಂದು ಹನಿ ಮೂಡಿ, ಉರುಳಿ, ಬಿಳಿ ಬಟ್ಟೆಯಲ್ಲಿ ಹರಡುತ್ತಿತ್ತು. ದರ್ಜಿ ಮಗಳ ವಿಷಯ ಹೇಳುತ್ತಲೇ ಇದ್ದ. ಕೈ ಕೂಡ ಸುಮ್ಮನೆ ಕೂತು ಕೇಳುತ್ತಿತ್ತು, ನೆಂಟರ ಹಾಗೆ.

ಅವಳು ಬಗ್ಗಿ ಸೂಜಿಯನ್ನು ಎಳೆದು ತೆಗೆದಳು. ಅವನು ಅದನ್ನು ನೋಡಿದ. ತನ್ನ ಬೆರಳನ್ನು ನೋಡಿದ.

“ಓ,” ಎಂದ. ಅಷ್ಟೇ. “ಬಟ್ಟೆ ಕೆಟ್ಟುಹೋಯ್ತಲ್ಲಾ.”

ಕಿವಿಯಮ್ಮ ಕರ್ಚೀಪು ತೆಗೆದು ಬೆರಳಿಗೆ ಸುತ್ತಿದಳು. ಬೆರಳು ಬೆಚ್ಚಗಿತ್ತು. ಬೆಚ್ಚಗಿದ್ದೂ ಅದರಲ್ಲಿ ಯಾರೂ ಇರಲಿಲ್ಲ.

ಈ ಕೈ ಸುಳ್ಳಲ್ಲ, ಅಂದುಕೊಂಡಳು. ಬಾಯಿ ಸಾಲದ ಮಾತು ತಂದಿದೆ, ಕೈ ನಿಜವಾಗಿ ಸತ್ತಿದೆ. ನಿಯಮ ಕೇಳುವುದು ಬಾಯಿಯನ್ನು.

“ನೋಡಿ,” ಎಂದಳು, ದನಿ ತಗ್ಗಿಸಿ. “ನಾಳೆ ಬೆಳಿಗ್ಗೆ ನಾನು ಬರೀಲೇಬೇಕು. ನಿಮ್ಮ ಹೆಸರು ಬರೆದ್ರೆ ನಿಮಗೆ ಇನ್ನೆಂದೂ ಸಿಗಲ್ಲ. ಹೇಳಿಕೊಟ್ಟವರ ಹೆಸರು ಸಿಕ್ಕರೆ, ತಪ್ಪು ಅವರದ್ದು ಅಂತ ಬರೆದು ನಿಮ್ಮನ್ನ ಉಳಿಸೋ ದಾರಿ ನೋಡ್ತೀನಿ. ಇಸ್ತ್ರಿಯಮ್ಮ ಹೇಳಿಕೊಟ್ಟಳಾ?”

“ಪಾಪ, ಸತ್ತವಳ ಮೇಲೆ ಹಾಕಬೇಡಿ. ಅವಳಿಗೂ ನನ್ನ ಹಾಗೇ.”

“ನಿಮ್ಮ ಹಾಗೇ ಅಂದ್ರೆ? ಅವಳಿಗೂ ಯಾರೋ ಹೇಳಿಕೊಟ್ರು?”

ದರ್ಜಿ ತುಟಿ ಕಚ್ಚಿಕೊಂಡ. ಆಮೇಲೆ, ಏನೋ ನೆನೆದು, ಎದೆಯೊಳಗೇ ನಕ್ಕ. ಕಿವಿಯಮ್ಮನಿಗೆ ಆ ನಗು ಸರಿಬರಲಿಲ್ಲ. ಹೆದರಿದವನು ನಗುವ ನಗುವಲ್ಲ ಅದು.

“ಮಾತೇ ಬಾರದವರು ಯಾರಿಗಾದರೂ ಮಾತು ಹೇಳಿಕೊಡೋಕಾಗುತ್ತಾ ಅಮ್ಮಾ?”

“ಒಗಟು ಬೇಡ. ಎಲ್ಲಿ ಕಲಿತ್ರಿ?”

“ಇಲ್ಲೇ ಕೂತು.” ಬೆರಳಿನಿಂದಲ್ಲ, ಗದ್ದದಿಂದ ಹಿಂಬದಿಯ ಕಿಟಕಿ ತೋರಿಸಿದ. “ಇಳಿಹೊತ್ತು, ಬೀದಿ ನಿದ್ದೆ ಹೋದಾಗ, ಅಲ್ಲಿಂದ ದನಿ ಬರುತ್ತೆ. ಒಂದೇ ಸಲಕ್ಕೆ ಹೇಳಲ್ಲ. ಮೊದಲು ನಾವು ನಮ್ಮ ಕಷ್ಟ ಹೇಳ್ಕೋಬೇಕು, ಗೋಡೆಗೆ ಹೇಳ್ಕೊಂಡ ಹಾಗೆ. ಆ ಕಡೆ ಸದ್ದಿಲ್ಲ. ಮಾರನೇ ದಿನ, ಅದರ ಮಾರನೇ ದಿನ, ನಮ್ಮ ಕಷ್ಟಾನೇ ವಾಪಸ್ ಬರುತ್ತೆ. ತೊಳೆದು, ಮಡಿಸಿ, ಇಸ್ತ್ರಿ ಹಾಕಿದ ಹಾಗೆ. ಹೋಗಿ ಇದನ್ನ ಹೇಳು ಅನ್ನುತ್ತೆ. ‘ಇಲ್ಲಿ ನಿಲ್ಲಿಸು’ ಅನ್ನುತ್ತೆ. ಯಾಕೆ ಅಂದ್ರೆ ಹೇಳಲ್ಲ. ‘ನಿಲ್ಲಿಸದೆ ಇದ್ರೆ ಅದು ಮಾತಾಗಲ್ಲ’ ಅನ್ನುತ್ತೆ.”

“ಗಂಡಸೋ ಹೆಂಗಸೋ?”

“ಆ ದನಿಗೆ ವಯಸ್ಸೇ ಇಲ್ಲಮ್ಮಾ. ಎಷ್ಟೋ ದಿನ ಯಾರೂ ಸೇದದ ಬಾವಿಯಿಂದ ಬಂದ ಹಾಗೆ ಇರುತ್ತೆ.”

ಕಿವಿಯಮ್ಮ ಎದ್ದು ಕಿಟಕಿಗೆ ಹೋದಳು.

ಹಿಂದೆ ಒಂದು ಕಿರುದಾರಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕಾದಷ್ಟು ಕಿರಿದು. ಗೋಡೆಯ ಬುಡದಲ್ಲಿ ಇಸ್ತ್ರಿಗಾಡಿಯ ಕೆಂಡ ಬಿದ್ದು ಸುಟ್ಟ ಕಪ್ಪು ಕಲೆ. ಅದರ ನೇರ ಮೇಲೆ, ಆಚೆ ಮನೆಯ ಹಿಂಬದಿಯ ಕಿಟಕಿ. ಕಿಟಕಿಗೆ ಹಸಿರು ಪರದೆ. ಗಾಳಿಗೆ ಹಾರದಿರಲೆಂದು ಪರದೆಯ ಅಂಚಿಗೆ ಗುಂಡಿಗಳನ್ನು ಹೊಲಿದಿದ್ದರು. ಒಂದು ಬಿಳಿ, ಒಂದು ಕಂದು, ಒಂದು ಕೋಟಿನ ದೊಡ್ಡ ಕರಿ ಗುಂಡಿ. ಒಂದಕ್ಕೊಂದು ಹೊಂದದವು.

ಪರದೆಯ ಹಿಂದೆ ಯಾರೋ ಕೂತಿದ್ದರು. ಅಲುಗಾಡಲಿಲ್ಲ. ಅಲುಗಾಡದೆ ಇದ್ದದ್ದರಿಂದಲೇ ಯಾರೋ ಇದ್ದಾರೆ ಅನ್ನಿಸಿತು.

ಆ ಕಿಟಕಿಯನ್ನು ಎಲ್ಲೋ ನೋಡಿದ್ದೇನೆ, ಅಂದುಕೊಂಡಳು. ಎರಡು ಕನ್ನಡಿಗಳ ನಡುವೆ ನಿಂತು ತನ್ನದೇ ಹೆಡಕನ್ನು ನೋಡಿದ ಹಾಗೆ. ಗುರುತಿದೆ, ಯಾರದೆಂದು ತಕ್ಷಣ ತಿಳಿಯುವುದಿಲ್ಲ.

“ಯಾರ ಮನೆ ಅದು?”

 ತಿರುಗಿ ನೋಡಿದರೆ ದರ್ಜಿ ಕರ್ಚೀಪು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಕನಿಕರ ಇತ್ತು. ತನಿಖೆಗೆ ಬಂದವಳನ್ನು ನೋಡಿ ಅರ್ಜಿದಾರ ಕನಿಕರ ಪಡುವುದನ್ನು ಕಿವಿಯಮ್ಮ ಈವರೆಗೆ ಕಂಡಿರಲಿಲ್ಲ.

“ಅಮ್ಮಾ,” ಎಂದ ಮೆಲ್ಲಗೆ. “ಮೊದಲು ನಿಮ್ಮ ಮನೆಗೆ ಹೋಗಿ.”

“ನನ್ನನ್ನ ಹೊರಗೆ ಹಾಕ್ತಾ ಇದ್ದೀರಾ?”

“ಇಲ್ಲಮ್ಮಾ. ಮನೆಗೆ ಹೋಗಿ ಅಂದೆ.”

*

ಜೀಪು ಕಳಿಸಿಬಿಟ್ಟಳು. ಯಾಕೋ ನಡೆಯಬೇಕೆನ್ನಿಸಿತು.

ಮಾರುಕಟ್ಟೆ ಬೀದಿ ನೇರ ಇದೆ ಎಂದೇ ಅವಳು ತಿಳಿದಿದ್ದಳು. ನಡೆದಾಗ ಗೊತ್ತಾಯಿತು, ಅದು ಬಾಗುತ್ತದೆ. ಕತ್ತರಿಯಂಗಡಿಯ ಹತ್ತಿರ ಒಂದಿಷ್ಟು, ಹಿಟ್ಟಿನ ಗಿರಣಿಯ ಹತ್ತಿರ ಇನ್ನಷ್ಟು. ಗಿರಣಿ ಬಳಸಿಕೊಂಡು ಹೊರಬಂದರೆ ಎದುರಿಗೆ ಅವಳದೇ ಬೀದಿ. ಬೆಳಿಗ್ಗೆ ಬಸ್ಸು ಹಿಡಿದು ಮುಂಬಾಗಿಲಿಂದ ಹೋಗಿ, ಸಂಜೆ ಬಸ್ಸಿಳಿದು ಮುಂಬಾಗಿಲಿಂದಲೇ ಬರುವವಳು ಅವಳು. ತನ್ನ ಮನೆಯ ಬೆನ್ನಿಗೆ ಏನಿದೆ ಎಂದು ಯೋಚಿಸಿಯೇ ಇರಲಿಲ್ಲ.

 ಮನೆ ಹತ್ತಿರವಾಗುತ್ತ ಹೋದಂತೆ ಅದು ಹತ್ತಿರವಾಗಬಾರದಿತ್ತು ಅನ್ನಿಸತೊಡಗಿತು.

ಸೋದರತ್ತೆ ಹೊರಗಿನ ಮೆಟ್ಟಿಲ ಮೇಲೆ ಕೂತು ಬಟನ್ನಿನ ಡಬ್ಬಿ ಮಗುಚಿಕೊಂಡಿದ್ದರು. ಹಗಲೆಲ್ಲ ತಂಗಿಯನ್ನು ನೋಡಿಕೊಳ್ಳುವವರು ಅವರೇ.

“ಇದೇನೇ, ಸೂರ್ಯ ಯಾವ ಕಡೆ ಹುಟ್ಟಿದ? ಇಷ್ಟು ಬೇಗ ಬಂದೆ! ಕೆಲಸದಿಂದ ತೆಗೆದುಹಾಕಿದ್ರಾ?”

“ನಾಳೆ ತೆಗೆಯಬಹುದು. ಗುಂಡಿ ಯಾಕೆ ಅತ್ತೆ?”

“ಹಿಂದಿನ ಕೋಣೆ ಪರದೆಗೆ ಕಣೇ. ಎಷ್ಟು ಹೊಲಿದ್ರೂ ಹಾರುತ್ತೆ ಹಾಳಾದ್ದು. ಮೊನ್ನೆ ಆ ದೊಡ್ಡ ಕರೀದು ಹಾಕಿದೆ, ನಿಮ್ಮಪ್ಪನ ಹಳೇ ಕೋಟಿಂದು. ಇನ್ನೂ ಒಂದು ಬೇಕು.”

ಕಿವಿಯಮ್ಮ ಕಂಬ ಹಿಡಿದುಕೊಂಡಳು.

“ಬಿಸಿಲಲ್ಲಿ ನಡೆದು ಬಂದ್ಯಾ? ಮುಖ ಯಾಕೆ ಹೀಗಾಗಿದೆ? ಒಳಗೆ ಹೋಗು, ಅನ್ನ ಮುಚ್ಚಿಟ್ಟಿದ್ದೀನಿ. ಅವಳೂ ಉಣ್ಣಲಿಲ್ಲ ಇವತ್ತು. ಹಸಿವಿಲ್ಲ ಅಂದ್ಳು.”

ಅಂದ್ಳು.

ಎಷ್ಟು ವರ್ಷದಿಂದ ಅತ್ತೆ ಹಾಗೇ ಹೇಳುತ್ತಿದ್ದರು. ಸೊಪ್ಪು ಬೇಡ ಅಂದ್ಳು, ಕಿಟಕಿ ತೆಗಿ ಅಂದ್ಳು, ಅಕ್ಕ ಯಾವಾಗ ಬರ್ತಾಳೆ ಅಂದ್ಳು. ತಂಗಿಯ ಕಣ್ಣು ನೋಡಿ ಅರ್ಥ ಮಾಡಿಕೊಂಡು ಹಾಗೆ ಹೇಳುತ್ತಾರೆ, ಪ್ರೀತಿಗೆ ಹೇಳುತ್ತಾರೆ ಎಂದು ಕಿವಿಯಮ್ಮ ತಿಳಿದಿದ್ದಳು. ಊರಿನವರ ಉಸಿರು ಅಳೆಯುವ ಅವಳ ಕಿವಿ, ಮನೆಯ ಆ ಒಂದು ಪದವನ್ನು ಈವರೆಗೆ ಕೇಳಿಸಿಕೊಂಡೇ ಇರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ನಡೆದಳು. ನಡುಮನೆ ತಣ್ಣಗಿತ್ತು. ಅಜ್ಜನ ಪೀಠ ಮೂಲೆಯಲ್ಲಿ, ಅದರ ಮೇಲೆ ಮಡಿಸಿದ ಬಟ್ಟೆಗಳು. ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು.

ಆ ಬಾಗಿಲಿನ ಹಿಂದೆ ಇರುವವಳು, ಒಂದು ಬೆಳಿಗ್ಗೆ ಹೊಸ ಕೆಲಸಕ್ಕೆ ಹೊರಟವಳು. ಚಪ್ಪಲಿ ಮೆಟ್ಟಿಕೊಳ್ಳುತ್ತ, ತಮಾಷೆಗೆ, “ಹೋಗ್ತೀನಿ,” ಅಂದಿದ್ದಳು. “ಬರ್ತೀನಿ ಅನ್ನೇ!” ಎಂದು ಅತ್ತೆ ಒಳಗಿಂದ ಕೂಗಿದ್ದರು. ಅವಳು ನಗುತ್ತ ಬೀದಿ ದಾಟಿದ್ದಳು. ಬಸ್ಸು ಮಗುಚಿತು. ತಂಗಿಯನ್ನು ತಂದು ಮಲಗಿಸಿದರು. ಮೈಯಲ್ಲಿ ಒಂದು ಗೀರಿಲ್ಲ. ನಾಲಿಗೆಗೆ ಏನೂ ಆಗಿಲ್ಲ, ಗಂಟಲಿಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಮಾತು ಮಾತ್ರ ವಾಪಸ್ ಬರಲಿಲ್ಲ. ‘ಹೋಗ್ತೀನಿ’ ಅವಳ ಕೊನೆಯ ಮಾತು.

ಅವಳ ಪರವಾಗಿ ಆ ಕುರ್ಚಿಯಲ್ಲಿ ಕೂತು ಹೇಳಿದವಳು ಅಕ್ಕ. “ನನ್ನ ತಂಗಿಗೆ ಮಾತಿಲ್ಲ,” ಎಂದು. ಕೆಳಗೆ ಸಹಿ ಹಾಕಿದವಳೂ ಅಕ್ಕ. ಆ ದಿನಗಳಲ್ಲಿ ತಂಗಿ ಕಾರಿಡಾರಿನ ಬೆಂಚಿನಲ್ಲಿ ಗಂಟೆಗಟ್ಟಲೆ ಕೂತಿದ್ದಳು. ಮಾತಿಲ್ಲದವಳ ಮುಂದೆ ಜನ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದರು. ಒಳಗೆ ಹೋಗಿ ಸರಿಯಾಗಿ ಹೇಳಲಾರದೆ, ಅಳುತ್ತ ಹೊರಬರುತ್ತಿದ್ದರು. ಅವಳು ನೋಡುತ್ತ ಕೂತಿರುತ್ತಿದ್ದಳು.

ಬಾಗಿಲ ಮೇಲೆ ಕಿವಿಯಮ್ಮ ಕೈಯಿಟ್ಟಳು.

ಒಳಗಿಂದ ದನಿ ಬಂತು.

ಸಣ್ಣ ದನಿ. ತುಕ್ಕು ಹಿಡಿದ ಚಿಲಕ ಸರಿದ ಹಾಗೆ. ಕಿಟಕಿಯ ಕಡೆ ತಿರುಗಿ ಆಡುತ್ತಿದ್ದ ಮಾತು.

“ಈ ನಾಲಿಗೆ ನನ್ನ ಮನೆಗೆ ನೆಂಟರ ಹಾಗೆ ಬಂದಿದೆ. ಬಂದು ಕೂತಿದೆ. ಉಣ್ಣುತ್ತೆ, ಮಲಗುತ್ತೆ. ಎದ್ದು ಒಂದು ಮಾತು ಎತ್ತಲ್ಲ.”

ಬೆನ್ನು ಉಣ್ಣುವುದಿಲ್ಲ. ಕಾಲು ಮಾತೆತ್ತುವುದಿಲ್ಲ. ಉಣ್ಣುವುದೂ, ಮಾತೆತ್ತಬೇಕಾದ್ದೂ ಇದೊಂದೇ. ಎಲ್ಲರ ಕೈಕಾಲು ಬೆನ್ನುಗಳಿಗೆ ಹೊಂದಿಸಿ ಕತ್ತರಿಸಿಕೊಟ್ಟ ಬಟ್ಟೆಯ ಮೂಲ ಅಳತೆ ಇಲ್ಲಿತ್ತು.

“ಯಾವಾಗ ಹೊರಡ್ತೀಯಾ ಅಂತ ಕೇಳೋ ಹಾಗೂ ಇಲ್ಲ.”

ಮೌನ.

ಅದೇ ಮೌನ. ಅದೇ ಉದ್ದ. ಬಾಗಿಲಿನ ಈಚೆ ನಿಂತ ಕಿವಿಯಮ್ಮನಿಗೆ ಹಠಾತ್ತನೆ ಎಣ್ಣೆ ದೀಪದ ವಾಸನೆ ಬಂತು. ಅಜ್ಜ ಪದ್ಯ ಓದಿ, ಅರ್ಥ ಹೇಳಿ, ತಲೆ ವಾಲಿಸಿ ನಿಲ್ಲಿಸುತ್ತಿದ್ದರು. ಕೇಳುವವರು ಹೂಂಗುಟ್ಟುವವರೆಗೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹೂಂ ಅನ್ನುವವರಿಲ್ಲದ ಕಥೆ ಅನಾಥ ಕಣ್ರೇ, ಅನ್ನುತ್ತಿದ್ದರು. ತಂಗಿಗೆ ಬಾಯಿಪಾಠ. ಹೂಂ ಅನ್ನುವ ಕೆಲಸ ಇವಳದು.

ಕಾದದ್ದು ಪ್ರಶ್ನೆಗಲ್ಲ. ಆ ಕುರ್ಚಿಯಲ್ಲಿ ಕೂತ ಒಬ್ಬೊಬ್ಬರೂ ಕಾದದ್ದು ಇದಕ್ಕೆ. ಎದುರಿಗೇ ಕೂತಿದ್ದ ಇವಳ ಗಂಟಲಿಗೆ ಅದು ಗೊತ್ತಿತ್ತು. ಇವಳಿಗೆ ಗೊತ್ತಿರಲಿಲ್ಲ.

“ಹೂಂ,” ಎಂದಳು ಕಿವಿಯಮ್ಮ.

ಒಳಗೆ ಉಸಿರು ಸಹ ನಿಂತಿತು.

ಪರದೆಯ ಗುಂಡಿಗಳು ಗೋಡೆಗೆ ಬಡಿದು ಟಕ್ ಟಕ್ ಎಂದವು. ಹಿಂದಿನ ಕಿರುದಾರಿಯಲ್ಲಿ ಯಾರೋ ಮೆಲ್ಲಗೆ ದೂರ ಸರಿದು ಹೋದ ಹೆಜ್ಜೆಯ ಸದ್ದು. ಹೊರಗೆ ಮೆಟ್ಟಿಲ ಮೇಲೆ ಅತ್ತೆ ಡಬ್ಬಿಯಲ್ಲಿ ಗುಂಡಿ ಹುಡುಕುತ್ತಲೇ ಇದ್ದರು.

ಆಮೇಲೆ ಬಾಗಿಲಿನ ತೀರ ಹತ್ತಿರದಿಂದ, ಹಲಗೆಗೆ ತುಟಿ ಒತ್ತಿ ಆಡಿದ ಹಾಗೆ, ಆ ದನಿ ಬಂತು.

“ಅಕ್ಕಾ. ದರ್ಜಿ ಹೆಸರು ಬರೀಬೇಡ.”

 ಒಳಗಿಂದ ಚಿಲಕ ಹಾಕಿಕೊಂಡ ಸದ್ದಾಯಿತು.

“ಬರೀಲೇಬೇಕು ಅಂದ್ರೆ, ಯಾರಿಗೆ ಮಾತಿಲ್ಲ ಅಂತ ನೀನು ಸಹಿ ಹಾಕಿದ್ಯೋ, ಆ ಹೆಸರು ಬರಿ.”

ಅಲ್ಲಿಗೆ ಆ ದನಿ ನಿಂತಿತು. ಬಾಗಿಲಿನ ಆಚೆ, ತಲೆ ವಾಲಿಸಿಕೊಂಡು, ಅವಳ ಹೂಂಗಾಗಿ ಕಾಯತೊಡಗಿತು.